ಸಫಾರಿಯ ದಾರಿ ನಡೆದ ಸೀದಿ ಮುಬಾರಕ್

ರಜೆ ಬಂತೆಂದರೆ ಸಾಕು, ನಾಗರಹೊಳೆಗೋ ಬನ್ನೇರುಘಟ್ಟಕ್ಕೋ ಸಫಾರಿಗೆ ಹೋಗೋಣ ಅಂತ ಮಕ್ಕಳು ಹಠ ಹಿಡಿಯುತ್ತಾರೆ. ಜೀಪು, ಕ್ಯಾಮರಾ, ದೂರದಲ್ಲಿ ಎಲ್ಲೋ ಒಂದು ಹುಲಿ. ಇದೇ ಸಫಾರಿ ಅಂತ ಅವರ ತಿಳಿವಳಿಕೆ. ಮದ್ರಸದಲ್ಲಿ ಮುಸಾಫಿರನ ನಮಾಝಿನ ಪಾಠ ಬಂದಾಗ, ನಾಲ್ಕು ರಕಅತ್‌ಗಳನ್ನು ಎರಡಾಗಿಸುವ ಖಸ್ರ್ ಬಗ್ಗೆ ಹೇಳುವಾಗ, ಈ 'ಸಫರ್' ಮತ್ತು ಆ 'ಸಫಾರಿ' ಒಂದೇ ಬೇರಿನವು ಎಂದರೆ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ. ಸಫರ್ ಎಂದರೆ ಪ್ರಯಾಣ. (ಸಫರ್ ತಿಂಗಳಿನ ಹೆಸರು ಬೇರೆ. ಅದು ಸ್ವಾದ್ ಅಕ್ಷರದಿಂದ, ಇದು ಸೀನ್‌ನಿಂದ. ಬೆರೆಸಬಾರದು.) ಅರಬಿಯ ಈ ಪದ ಹಡಗಿನಲ್ಲಿ ಪೂರ್ವ ಆಫ್ರಿಕಾದ ಕರಾವಳಿಗೆ ಹೋಗಿ, ಅಲ್ಲಿನ ಸ್ವಾಹಿಲಿ ಮಾತಿನಲ್ಲಿ ಸಫಾರಿ ಆಯಿತು. ಅದರಲ್ಲಿ ಆಗ ಬೇಟೆಯೂ ಇರಲಿಲ್ಲ, ಮೋಜೂ ಇರಲಿಲ್ಲ.

ಆ ಕಾಲದ ಸಫಾರಿ ಹೇಗಿತ್ತು ಎಂದು ತಿಳಿಯಬೇಕಾದರೆ ಸೀದಿ ಮುಬಾರಕ್ ಬೊಂಬಾಯಿ ಅವರ ಬದುಕನ್ನು ನೋಡಬೇಕು.

ಅವರು ಹುಟ್ಟಿದ್ದು 1820ರ ಆಸುಪಾಸಿನಲ್ಲಿ, ಈಗಿನ ತಾಂಜಾನಿಯಾ ಮತ್ತು ಮೊಝಾಂಬಿಕ್ ಗಡಿಯ ಯಾವೋ ಜನರ ನಡುವೆ. ತಾಯಿ ಮೊದಲೇ ತೀರಿಹೋಗಿದ್ದರು. ಸುಮಾರು ಹನ್ನೆರಡು ವರ್ಷದವನಿದ್ದಾಗ ಊರಿನ ಮೇಲೆ ಬಿದ್ದ ಗುಲಾಮರ ವ್ಯಾಪಾರಿಗಳು ಹುಡುಗನನ್ನು ಹಿಡಿದು, ಕರಾವಳಿಯ ಕಿಲ್ವಾಕ್ಕೆ ನಡೆಸಿಕೊಂಡು ಹೋದರು. ಅಲ್ಲಿ ಒಂದಿಷ್ಟು ಬಟ್ಟೆಗೆ ಬದಲಾಗಿ ಒಬ್ಬ ವ್ಯಾಪಾರಿಗೆ ಮಾರಿದರು. ಮತ್ತೆ ತಂದೆಯ ಮುಖ ನೋಡಲಿಲ್ಲ. ಮೊದಲು ಝಂಝಿಬಾರ್, ಅಲ್ಲಿಂದ ಕಡಲು ದಾಟಿ ಗುಜರಾತಿನ ಕಡೆ. ತಾಯಿ ತಂದೆ ಇಟ್ಟ ಹೆಸರು ಯಾವುದೋ, ಅದು ಉಳಿಯಲಿಲ್ಲ. ಉಳಿದದ್ದು ಮುಬಾರಕ್. ಸೀದಿ ಎಂಬುದು ನಮ್ಮ ಕರಾವಳಿಯಲ್ಲಿ ಆಫ್ರಿಕಾದವರಿಗೆ ಅಂಟಿದ ಹೆಸರು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಹಿರಿಯರೂ ಇಂಥದ್ದೇ ಹಡಗುಗಳಲ್ಲಿ ಬಂದವರು. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಸಂಬಂಧ ದೂರದ್ದಲ್ಲ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಆ ವ್ಯಾಪಾರದಲ್ಲಿ ನಮಾಝ್ ಮಾಡುವವರೂ ಇದ್ದರು. ಗುಲಾಮನನ್ನು ಬಿಡುಗಡೆ ಮಾಡುವುದು ದೊಡ್ಡ ಪುಣ್ಯ ಎಂದು ಓದಿದವರೇ ಆನೆದಂತದ ಜೊತೆ ಮನುಷ್ಯರನ್ನೂ ಹಡಗಿಗೆ ತುಂಬಿದರು. ಝಂಝಿಬಾರಿನ ಗುಲಾಮರ ಪೇಟೆ ಮುಚ್ಚಿದ್ದು 1873ರಲ್ಲಿ, ಅದೂ ಬ್ರಿಟಿಷರ ಒತ್ತಾಯಕ್ಕೆ. ಪರರ ಅನ್ಯಾಯವನ್ನು ಮಾತ್ರ ಎಣಿಸಿ ಇದನ್ನು ಬಿಟ್ಟರೆ ಮುಬಾರಕ್ ಅವರ ಕಥೆ ಅರ್ಧವಾಗುತ್ತದೆ.

ಯಜಮಾನ ತೀರಿಕೊಂಡಾಗ ಬಿಡುಗಡೆ ಸಿಕ್ಕಿತು. ಅಷ್ಟರಲ್ಲಿ ಹಿಂದೂಸ್ತಾನಿ ಮಾತು ಬಾಯಿಗೆ ಕೂತಿತ್ತು. ಝಂಝಿಬಾರಿಗೆ ಮರಳಿ ಸುಲ್ತಾನರ ಪಡೆಗೆ ಸೇರಿದರು. ಹಿಂದೂಸ್ತಾನದಿಂದ ಬಂದವರೆಂದು ಜನ ಬೊಂಬಾಯಿ ಎಂದು ಕರೆದರು. ನಮ್ಮಲ್ಲೂ ಬೊಂಬಾಯಿಯಲ್ಲಿ ದುಡಿದು ಬಂದವರಿಗೆ ಊರಿನ ಹೆಸರೇ ಅಂಟುವುದುಂಟಲ್ಲ, ಹಾಗೆ.

1857ರಲ್ಲಿ ಬರ್ಟನ್ ಮತ್ತು ಸ್ಪೀಕ್ ಎಂಬ ಇಬ್ಬರು ಇಂಗ್ಲಿಷರು ನೈಲ್ ನದಿಯ ಮೂಲ ಹುಡುಕಲು ಬಂದರು. ಸ್ಪೀಕ್‌ಗೆ ಅರಬಿ ಬಾರದು, ಹಿಂದೂಸ್ತಾನಿ ಬರುತ್ತಿತ್ತು. ಹಾಗಾಗಿ ಅವರಿಬ್ಬರ ಮಾತು ಕೂಡಿತು. ಕಾಡಿನ ನಡುವೆ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿಯೂ ಒಬ್ಬ ಯಾವೋ ಮನುಷ್ಯನೂ ನಮ್ಮ ದೇಶದ ಭಾಷೆಯಲ್ಲಿ ಮಾತಾಡಿಕೊಂಡು ನಡೆದರು!

ಸಫಾರಿ ಎಂದರೆ ಆಗ ನೂರಾರು ಜನರ ಸಾಲು. ಮುಂದೆ ಬಾವುಟ ಹಿಡಿದ ದಾರಿಗಾರ, ಹಿಂದೆ ತಲೆಯ ಮೇಲೆ, ಹೆಗಲ ಮೇಲೆ ಮೂವತ್ತು ಕಿಲೋ ಹೊತ್ತ ಕೂಲಿಯವರು. ಹೊರೆಯಲ್ಲಿದ್ದದ್ದು ಬಟ್ಟೆ, ಮಣಿ, ಹಿತ್ತಾಳೆ ತಂತಿ. ಒಳನಾಡಿನಲ್ಲಿ ಅದೇ ಹಣ. ಪ್ರತಿ ನಾಡಿನ ಒಡೆಯನಿಗೂ ಹೊಂಗೋ ಎಂಬ ಸುಂಕ ಕೊಡಬೇಕು, ಚೌಕಾಸಿಯಲ್ಲೇ ದಿನಗಟ್ಟಲೆ ಹೋಗುತ್ತಿತ್ತು. ಜ್ವರ ಬಂದವನು ದಾರಿಯಲ್ಲೇ ಉಳಿದ. ಇವೆಲ್ಲವನ್ನೂ ನಿಭಾಯಿಸುವುದು ಮುಬಾರಕ್ ಅವರ ಕೆಲಸ. ಕೂಲಿ ಹಂಚಬೇಕು, ಜಗಳ ಬಿಡಿಸಬೇಕು, ಓಡಿಹೋದವನನ್ನು ಕರೆತರಬೇಕು. ಅವರು ದುಡಿದದ್ದು ನಮ್ಮ ಮೇಲಿನ ಪ್ರೀತಿಗಲ್ಲ, ಹೊಟ್ಟೆಪಾಡಿಗೆ ಎಂದು ಬರ್ಟನ್ ಬರೆದಿದ್ದಾನೆ. ಅದರಲ್ಲಿ ತಪ್ಪೇನಿದೆ? ಗಲ್ಫಿಗೆ ಹೋದ ನಮ್ಮವರೂ ಅರಬಾಬಿನ ಮೇಲಿನ ಪ್ರೀತಿಗೆ ಹೋದವರಲ್ಲ.

1858ರ ಫೆಬ್ರವರಿಯಲ್ಲಿ ತಂಗಾನ್ಯೀಕಾ ಸರೋವರ ಸಿಕ್ಕಿತು. ಅದೇ ಆಗಸ್ಟ್‌ನಲ್ಲಿ ಸ್ಪೀಕ್ ಮತ್ತು ಮುಬಾರಕ್ ಉತ್ತರದ ಮಹಾ ಸರೋವರದ ದಡಕ್ಕೆ ಬಂದರು. ಸ್ಪೀಕ್ ಅದಕ್ಕೆ ತನ್ನ ರಾಣಿ ವಿಕ್ಟೋರಿಯಾಳ ಹೆಸರಿಟ್ಟ. ಮತ್ತೊಮ್ಮೆ ಬಂದು, 1862ರ ಜುಲೈ 28ರಂದು, ಆ ಸರೋವರದಿಂದ ನೈಲ್ ಹೊರಬೀಳುವ ಜಲಪಾತವನ್ನು ಕಂಡರು. ಸ್ಪೀಕ್‌ಗೆ ಹಿಗ್ಗೋ ಹಿಗ್ಗು. ಪ್ರವಾದಿ ಮೂಸಾ (ಅ) ಅವರ ತೊಟ್ಟಿಲು ತೇಲಿದ ನದಿಯಿದು, ತಲೆ ಬೋಳಿಸಿ ಸ್ನಾನ ಮಾಡಿ ಎಂದು ಆಳುಗಳಿಗೆ ಹೇಳಿದನಂತೆ. ಮುಬಾರಕ್ ಶಾಂತವಾಗಿಯೇ ಉತ್ತರಿಸಿದರು. ನಾವು ಇಂಥದನ್ನೆಲ್ಲ ನಿಮ್ಮ ಹಾಗೆ ಕಲ್ಪನೆ ಕಟ್ಟಿ ನೋಡುವುದಿಲ್ಲ, ಕೆಲಸ ಕೈಗೂಡಿದರೂ ಅಲ್ಲಾಹನ ಇಚ್ಛೆ, ಕೂಡದಿದ್ದರೂ ಅವನದೇ ಇಚ್ಛೆ ಎಂಬ ಅರ್ಥದ ಮಾತು. ಇದನ್ನು ಬರೆದಿಟ್ಟವನು ಸ್ಪೀಕ್ ತಾನೇ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಖದ್ರ್‌ನ ಪಾಠವನ್ನು ನೈಲ್ ದಡದಲ್ಲಿ ಹೀಗೆ ಹೇಳಿದರು. ಆ ಜಲಪಾತಕ್ಕೆ ಸ್ಪೀಕ್ ರಿಪನ್ ಎಂಬ ಲಾರ್ಡ್‌ನ ಹೆಸರು ಕೊಟ್ಟ. 1954ರಲ್ಲಿ ಓವನ್ ಫಾಲ್ಸ್ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು.

ಅವರನ್ನು ವಲಿ ಎಂದು ತೋರಿಸಲು ನಾನು ಹೊರಟಿಲ್ಲ. ಕುಡಿತದ ಚಟ, ಮುಂಗೋಪ ಇತ್ತು ಎಂದು ಆ ಪುಸ್ತಕಗಳಲ್ಲೇ ಇದೆ. ಆದರೆ ಅವರನ್ನು ಗೆಳೆಯನೆಂದು ಹೊಗಳಿದ ಸ್ಪೀಕ್, ಮಾತಿಗೆ ಮಾತು ಬೆಳೆದ ಒಂದು ದಿನ ಎಲ್ಲರೆದುರು ಅವರ ಮುಖಕ್ಕೆ ಗುದ್ದಿದ. ಹಲ್ಲು ಹೋಯಿತು. 1871ರಲ್ಲಿ ಲಿವಿಂಗ್‌ಸ್ಟನ್‌ನನ್ನು ಹುಡುಕಲು ಬಂದ ಸ್ಟಾನ್ಲಿಯೂ ಮುಬಾರಕ್ ಅವರನ್ನೇ ಕಾವಲುಪಡೆಯ ಮುಖ್ಯಸ್ಥರನ್ನಾಗಿ ಮಾಡಿಕೊಂಡ, ಬೆತ್ತದಿಂದ ಹೊಡೆದದ್ದನ್ನೂ ಬರೆದ. ಉಜಿಜಿಯಲ್ಲಿ ಆ ಇಬ್ಬರು ಬಿಳಿಯರು ಕೈ ಕುಲುಕಿದ್ದು ಜಗತ್ತಿಗೆಲ್ಲ ಗೊತ್ತು, ಅಲ್ಲಿಯವರೆಗೆ ಸಾಲನ್ನು ನಡೆಸಿದವರು ಎಷ್ಟು ಜನರಿಗೆ ಗೊತ್ತು?

ಆಮೇಲೆ ಕ್ಯಾಮರೂನ್ ಜೊತೆ ಬಾಗಮೋಯೊದಿಂದ ಹೊರಟು, ಖಂಡವನ್ನೇ ಅಡ್ಡವಾಗಿ ದಾಟಿ, 1875ರಲ್ಲಿ ಅಟ್ಲಾಂಟಿಕ್ ಕಡಲು ಕಂಡರು. ಐವತ್ತು ದಾಟಿದ ವಯಸ್ಸು. ಒಟ್ಟು ನಡೆದದ್ದು ಸುಮಾರು 6 ಸಾವಿರ ಮೈಲಿ ಎಂಬ ಅಂದಾಜಿದೆ.

ಸಫಾರಿ ಪದದ ಗತಿ ಬದಲಾದದ್ದು ನಂತರ. 1896ರಲ್ಲಿ ಮೊಂಬಾಸಾದಿಂದ ರೈಲು ಹಳಿ ಹಾಕಲು ಶುರುವಾಯಿತು, ಹಾಕಿದವರು ಹಿಂದೂಸ್ತಾನದ ಕೂಲಿಗಳು. ರೈಲು ಹತ್ತಿ ಶ್ರೀಮಂತ ಬೇಟೆಗಾರರು ಬಂದರು. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಮತ್ತು ಅವರ ಮಗ 1909ರ ಸಫಾರಿಯಲ್ಲಿ ಹೊಡೆದದ್ದು 512 ಪ್ರಾಣಿ. ಹೊರೆ ಹೊತ್ತವರು ಆಗಲೂ ಆಫ್ರಿಕಾದವರೇ. ಕೀನ್ಯಾ 1977ರಲ್ಲಿ ಬೇಟೆ ನಿಷೇಧಿಸಿತು, ಬಂದೂಕಿನ ಜಾಗಕ್ಕೆ ಕ್ಯಾಮರಾ ಬಂತು. ನಮ್ಮಲ್ಲಿ ಸಫಾರಿ ಸೂಟ್ ಅಂತ ಹೊಲಿಸಿಕೊಂಡವರೂ ಇದ್ದರು. ಸ್ವಾಹಿಲಿ ಮಾತಾಡುವವರು ಮಾತ್ರ ಇವತ್ತಿಗೂ ಪಕ್ಕದ ಊರಿನ ನೆಂಟರ ಮನೆಗೆ ಹೋಗುವುದಕ್ಕೂ ಸಫಾರಿ ಅಂತಲೇ ಹೇಳುತ್ತಾರೆ.

ಮುಬಾರಕ್ ಇದನ್ನೆಲ್ಲ ನೋಡಲು ಇರಲಿಲ್ಲ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಬೆಳ್ಳಿ ಪದಕ ಕೊಟ್ಟಿತು, 1876ರಲ್ಲಿ ಪಿಂಚಣಿಯನ್ನೂ ಗೊತ್ತುಮಾಡಿತು. ಒಂಬತ್ತು ವರ್ಷ ಅದನ್ನು ಉಂಡು 1885ರಲ್ಲಿ ತೀರಿಕೊಂಡರು. ಜೊತೆಯಲ್ಲಿ ನಡೆದ ಬಿಳಿಯರೆಲ್ಲ ದಪ್ಪ ದಪ್ಪ ಪುಸ್ತಕ ಬರೆದರು. ಅವರು ಬರೆದದ್ದು ಒಂದು ಸಾಲೂ ಇಲ್ಲ. ನಮಗೆ ಸಿಗುವುದು ಆ ಪುಸ್ತಕಗಳ ನಡುನಡುವೆ ಬರುವ ಮುಬಾರಕ್ ಅಷ್ಟೇ.