ಚಾರ್ಮಾಡಿ ಗುಡ್ಡ ಜರಿಯಲು ಭೂಫಲಕಗಳ ಡಿಕ್ಕಿ ಕಾರಣವೇ? ವೆಗೆನರ್ ಕಥೆ ಓದಿ

ಕಾರಣ ಅದಲ್ಲ. ಏಕೆಂದು ತಿಳಿಯಲು ನಾವು ಆಲ್ಫ್ರೆಡ್ ವೆಗೆನರ್ ಬಳಿಗೆ ಹೋಗಬೇಕು.

1880ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ಹವಾಮಾನ ವಿಜ್ಞಾನಿ, ಒಂದಾಗಿದ್ದ ಖಂಡಗಳು ದೂರ ಸರಿದಿವೆ ಎಂದು 1912ರಲ್ಲಿ ಹೇಳಿದರು. ಸರಿಸಿದ ಶಕ್ತಿ ಯಾವುದೆಂದು ತೋರಿಸಲಾಗದೆ ಟೀಕೆಗೆ ಗುರಿಯಾದರು. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ನಡುವಿನ ಠಾಣೆಯಿಂದ ಮರಳುವಾಗ ತೀರಿಕೊಂಡರು. 1960ರ ದಶಕದಲ್ಲಿ ಸಾಗರತಳದ ಅಧ್ಯಯನ ಅವರ ಮಾತನ್ನು ಎತ್ತಿಹಿಡಿಯಿತು.

ಫಲಕಗಳು ಅಂಚಿನಲ್ಲಿ ಡಿಕ್ಕಿಯಾಗುತ್ತವೆ, ದೂರ ಸರಿಯುತ್ತವೆ ಇಲ್ಲವೇ ಉಜ್ಜಿಕೊಂಡು ಸಾಗುತ್ತವೆ. ಡಿಕ್ಕಿಯಿಂದ ಎದ್ದದ್ದು ಹಿಮಾಲಯ. ನಮ್ಮ ಕರಾವಳಿಯಿಂದ ಮಡಗಾಸ್ಕರ್ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟಿತು. ಅದರ ಲಾವಾ ಗುರುತು ಮಲ್ಪೆಯ ಸೈಂಟ್ ಮೇರೀಸ್ ದ್ವೀಪ.

ಇಂದು ಬೆಳ್ತಂಗಡಿ ಇರುವುದು ಫಲಕದ ಒಳಗೆ, ಅಂಚಿನಲ್ಲಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದದ್ದು ವಿಪರೀತ ಮಳೆಗೆ. ಹಾಗಾಗಿ ಫಾರ್ವರ್ಡ್ ಮಾಡುವುದಾದರೆ ಮಳೆಯ ಎಚ್ಚರಿಕೆಯನ್ನು ಮಾಡೋಣ.