ಮೂವತ್ತೆರಡು ವರ್ಷದ ಕಾರ್ಯದರ್ಶಿ

ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. 1883ರಲ್ಲಿ ಕೇಂಬ್ರಿಡ್ಜಿನಲ್ಲಿ ಹುಟ್ಟಿದ ಇವರು 1906ರಿಂದ 1908ರವರೆಗೆ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ನೌಕರಿಯಲ್ಲಿದ್ದರು. ಮೊದಲ ಪುಸ್ತಕ ಬರೆದದ್ದೂ ಭಾರತದ ಹಣಕಾಸಿನ ಮೇಲೆಯೇ, 1913ರಲ್ಲಿ.

ಅದೇ ವರ್ಷ ರಾಯಲ್ ಎಕನಾಮಿಕ್ ಸೊಸೈಟಿಯ ಕಾರ್ಯದರ್ಶಿಯಾದರು. ಅದರ ಪತ್ರಿಕೆ ಎಕನಾಮಿಕ್ ಜರ್ನಲ್‌ಗೆ 1911ರಲ್ಲೇ, ತಮ್ಮ 28ನೇ ವಯಸ್ಸಿನಲ್ಲಿ, ಸಂಪಾದಕರಾಗಿದ್ದರು. ಎರಡನ್ನೂ ಬಿಟ್ಟದ್ದು 1945ರಲ್ಲಿ. ನಡುವೆ ಯುದ್ಧಕಾಲದ ಖಜಾನೆ ಕೆಲಸ, 1937ರಲ್ಲಿ ಹೃದಯಾಘಾತ, 1944ರಲ್ಲಿ ಬ್ರೆಟನ್ ವುಡ್ಸ್ ಮಾತುಕತೆ! ಯಾವುದಾದರೂ ಸಂಘಕ್ಕೆ ಒಂದೇ ವರ್ಷ ಕಾರ್ಯದರ್ಶಿಯಾಗಿದ್ದವರಿಗೂ ಈ ಭಾರ ಎಷ್ಟೆಂದು ಗೊತ್ತು.

ನನಗೆ ತುಂಬಾ ಹಿಡಿಸಿದ್ದು 1929ರ ಸಂಗತಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಪರಿಹಾರದ ಹಣವನ್ನು ಹೊರದೇಶಗಳಿಗೆ ಸಲ್ಲಿಸುವುದು ಬಹಳ ಕಷ್ಟವೆಂದು ಕೇನ್ಸ್ ಜರ್ನಲ್‌ನಲ್ಲಿ ಬರೆದರು. ಸ್ವೀಡನ್ನಿನ ಬರ್ಟಿಲ್ ಓಲೀನ್, ಆಗಿನ್ನೂ 30ರ ಯುವಕ, ಆ ವಾದ ಸರಿಯಲ್ಲವೆಂದು ಲೇಖನ ಕಳಿಸಿದರು. ಸಂಪಾದಕರು ಮನಸ್ಸು ಮಾಡಿದ್ದರೆ ಅದು ಕಸದ ಬುಟ್ಟಿ ಸೇರುತ್ತಿತ್ತು. ಕೇನ್ಸ್ ಅದನ್ನು ಅದೇ ಪತ್ರಿಕೆಯಲ್ಲಿ ಅಚ್ಚು ಹಾಕಿ, ತಮ್ಮ ಉತ್ತರವನ್ನೂ ಕೊಟ್ಟರು. ಒಪ್ಪಲಂತೂ ಇಲ್ಲ! ಆ ಚರ್ಚೆಯಲ್ಲಿ ಓಲೀನರದ್ದೇ ಮೇಲುಗೈ ಎಂದು ಆಮೇಲೆ ಅನೇಕ ವಿದ್ವಾಂಸರು ಹೇಳಿದ್ದಾರೆ. 1977ರಲ್ಲಿ ಓಲೀನರಿಗೆ ನೊಬೆಲ್ ಬಹುಮಾನ ಬಂತು.

1945ರಲ್ಲಿ ಸೊಸೈಟಿ ಕೇನ್ಸರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಮರುವರ್ಷ ಏಪ್ರಿಲ್ 21ರಂದು ಅವರು ತೀರಿಕೊಂಡರು.