ಹಳೆಯ ಒಡಲು, ಹೊಸ ಎಂಜಿನ್ ಮತ್ತು ವಿಶ್ವೇಶ್ವರಯ್ಯ

ಬಂದಳಿಕೆಗೆ ಸಮೀಪದ ನಮ್ಮ ಊರಿನ ಮನೆಯಲ್ಲಿ, ಕೊಟ್ಟಿಗೆಯ ಪಕ್ಕದ ಮಾಡಿನಡಿ ಒಂದು ಕಾಂಟೆಸ್ಸಾ ಕಾರು ನಿಂತಿದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂರು ದಶಕ ದುಡಿದು ನಿವೃತ್ತರಾದ ನಮ್ಮ ತಂದೆಯವರು ಊರಿಗೆ ಮರಳುವಾಗ, ಕೈಗೆ ಬಂದ ಹಣದಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಾರು ಅದು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಊರಿಗೆ ಹೋಗಿದ್ದಾಗ, ಡಿಪ್ಲೊಮಾ ಮುಗಿಸಿ ಗ್ಯಾರೇಜು ನಡೆಸುತ್ತಿರುವ ಅಣ್ಣನ ಮಗ ನನ್ನ ಮುಂದೆ ಒಂದು ಪ್ರಸ್ತಾಪವಿಟ್ಟ. ಕಾರಿನ ಹೊರಮೈಯನ್ನು ಇದ್ದಂತೆಯೇ ಉಳಿಸಿಕೊಂಡು, ಒಳಗೆ ಇಂದಿನ ಕಾಲದ ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಎಲ್ಲವನ್ನೂ ಕೂರಿಸುವುದು ಅವನ ಆಸೆ. ಕಾರು ಅಣ್ಣನಿಗೂ ನನಗೂ ಸೇರಿದ್ದಾದ್ದರಿಂದ ಚಿಕ್ಕಪ್ಪನ ಒಪ್ಪಿಗೆಯೂ ಬೇಕಾಗಿತ್ತು.

ಅಮೆರಿಕದಲ್ಲಿ ಇದು ಈಗ ದೊಡ್ಡ ಉದ್ಯಮ. 1960ರ ದಶಕದಲ್ಲಿ ಅಲ್ಲಿನ ಕಂಪನಿಗಳು ಮಧ್ಯಮ ಗಾತ್ರದ ಕಾರುಗಳಿಗೆ ಭಾರಿ ಎಂಜಿನ್ ಕೂರಿಸಿ ‘ಮಸಲ್ ಕಾರ್’ ಎಂಬ ವರ್ಗವನ್ನೇ ಸೃಷ್ಟಿಸಿದವು. ಆ ಕಾರುಗಳ ರೂಪ ಇಂದಿಗೂ ಮನಸೆಳೆಯುತ್ತದೆ. ಆದರೆ ಅವುಗಳ ಬ್ರೇಕು, ಸ್ಟಿಯರಿಂಗ್ ಇಂದಿನ ರಸ್ತೆಗೆ ಸಾಲವು. ಆದ್ದರಿಂದ ಹಳೆಯ ಬಾಡಿಯನ್ನು ಎತ್ತಿ ಹೊಸ ಚಾಸಿಯ ಮೇಲಿಟ್ಟು, ಹೊಸ ಎಂಜಿನ್ ಜೋಡಿಸುವವರಿದ್ದಾರೆ. ಅದನ್ನು ಅವರು ರೆಸ್ಟೊಮಾಡ್ ಎನ್ನುತ್ತಾರೆ. ನಮ್ಮಲ್ಲಿ ಬಹುಕಾಲದಿಂದ ಇರುವ ಹತ್ತಿರದ ಮಾತು ಜೀರ್ಣೋದ್ಧಾರ. ಮರುದಿನ ಬಂದಳಿಕೆಯ ಪಾಳು ಗುಡಿಗಳ ನಡುವೆ ಅಡ್ಡಾಡುವಾಗ ನನಗೆ ಈ ಮಾತು ನೆನಪಾಯಿತು. ನಾಗರಖಂಡದ ರಾಜಧಾನಿಯಾಗಿದ್ದ ಊರು ಅದು. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ಈ ನಾಡನ್ನು ಆಳಿದ ಜಕ್ಕಿಯಬ್ಬೆಯ ಕಾಲದಿಂದ ಮೊದಲ್ಗೊಂಡು, ಒಂದು ತಲೆಮಾರು ಕಟ್ಟಿದ್ದನ್ನು ಇನ್ನೊಂದು ತಲೆಮಾರು ದುರಸ್ತಿ ಮಾಡುತ್ತಾ, ಸೇರಿಸುತ್ತಾ ಬಂದ ನೆಲೆ. ಹಳೆಯ ಅಧಿಷ್ಠಾನ ಹೊಸ ಕಂಬವನ್ನು ಹೊರಬಲ್ಲುದೇ ಎಂಬ ಪ್ರಶ್ನೆ ಆ ಕೆಲಸಗಾರರಿಗೂ ಎದುರಾಗಿರಲೇಬೇಕು.

ಅಂದು ಸೆಪ್ಟೆಂಬರ್ 15. ಊರೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಹಾಕುವ ದಿನ. ಪೇಟ, ಕೋಟು, ನೆಟ್ಟಗಿನ ನಿಲುವು, ಹಿನ್ನೆಲೆಯಲ್ಲಿ ಕನ್ನಂಬಾಡಿ ಕಟ್ಟೆ. ಅವರ ಬದುಕಿನಲ್ಲಿ ಮೋಟಾರು ಕಾರಿನ ಒಂದು ಅಧ್ಯಾಯವೂ ಇದೆ ಎಂಬುದು ಅನೇಕರಿಗೆ ನೆನಪಿಲ್ಲ. ನಮ್ಮ ಮನೆಯ ಮಾಡಿನಡಿ ನಿಂತ ಕಾರಿನ ಪ್ರಶ್ನೆಗೆ ಉತ್ತರ ಆ ಬದುಕಿನಲ್ಲಿದೆ ಎಂದು ನನಗೆ ಅಂದು ಅನ್ನಿಸಿತು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಅವರಿಗೆ ಮೊದಲ ದೊಡ್ಡ ಹೆಸರು ತಂದ ಕೆಲಸ ಹೊಸ ಅಣೆಕಟ್ಟಲ್ಲ, ಹಳೆಯದೊಂದರ ಸುಧಾರಣೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಯ ಮೇಲೆ ಮಳೆಗಾಲದಲ್ಲಿ ಅಪಾರ ನೀರು ಹರಿದು ಹೋಗುತ್ತಿತ್ತು. ಬೇಸಗೆಯಲ್ಲಿ ಅದೇ ನೀರಿಗೆ ಬರ. ಕಟ್ಟೆಯನ್ನು ಎತ್ತರಿಸುವುದೆಂದರೆ ಭಾರಿ ವೆಚ್ಚ. ವಿಶ್ವೇಶ್ವರಯ್ಯ ಕಟ್ಟೆಯನ್ನು ಮುಟ್ಟದೆ, ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸುವ ಉಪಾಯ ಕಂಡುಕೊಂಡರು. ನೀರು ನಿಗದಿತ ಮಟ್ಟ ದಾಟಿದರೆ ಅವು ತಾವಾಗಿ ತೆರೆಯುತ್ತಿದ್ದವು, ಇಳಿದರೆ ತಾವಾಗಿ ಮುಚ್ಚುತ್ತಿದ್ದವು. 1903ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಿಂದ ಜಲಾಶಯದ ಮಟ್ಟ ಸುಮಾರು ಎಂಟು ಅಡಿ ಏರಿತು. ಹಳೆಯ ಒಡಲಿಗೆ ಹೊಸ ಯಂತ್ರವನ್ನು ಜೋಡಿಸಿದ ಕೆಲಸ ಇದು. ಇದರಲ್ಲಿ ಬಾಗಿಲುಗಳ ಚಮತ್ಕಾರಕ್ಕಿಂತ ಮುಖ್ಯವಾದುದು, ಆ ಹಳೆಯ ಕಲ್ಲುಗೋಡೆ ಹೆಚ್ಚುವರಿ ನೀರಿನ ಒತ್ತಡವನ್ನು ತಾಳಬಲ್ಲುದು ಎಂಬ ಮುಂಚಿತ ಲೆಕ್ಕ.

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದ ಮೇಲೆ ಅವರು ಇದೇ ಲೆಕ್ಕವನ್ನು ತಿರುಗುಮುರುಗು ಮಾಡಿದರು. ಕನ್ನಂಬಾಡಿಯಲ್ಲಿ 1911ರಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಆರಂಭವಾದಾಗ ಮದರಾಸು ಸರ್ಕಾರ ಆಕ್ಷೇಪ ಎತ್ತಿತ್ತು. ಮೊದಲ ಹಂತದಲ್ಲಿ ಎಂಬತ್ತು ಅಡಿಗಷ್ಟೇ ಒಪ್ಪಿಗೆ ದೊರೆಯಿತು. ಆದರೆ ತಳಪಾಯವನ್ನು ಅವರು ಹಾಕಿಸಿದ್ದು ಪೂರ್ಣ ಎತ್ತರದ ಕಟ್ಟೆಗೆ ಬೇಕಾದಷ್ಟು ಅಗಲಕ್ಕೆ. ಮುಂದೆ ಒಪ್ಪಂದವಾಗಿ 124 ಅಡಿಯ ಜಲಾಶಯ ಮೇಲೆದ್ದಾಗ ಬುಡವನ್ನು ಮತ್ತೆ ಅಗೆಯಬೇಕಾಗಿ ಬರಲಿಲ್ಲ. ಮೋಟಾರಿನ ಭಾಷೆಯಲ್ಲಿ ಹೇಳುವುದಾದರೆ, ನಾಳೆ ಬರಲಿರುವ ದೊಡ್ಡ ಒಡಲಿಗಾಗಿ ಇಂದೇ ಚಾಸಿಯನ್ನು ಸಿದ್ಧಪಡಿಸಿದ್ದರು.

1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ ಅವರು ಸಂಸ್ಥಾನವನ್ನೇ ಹಾಗೆ ನೋಡಿದರು. ಅರಸೊತ್ತಿಗೆಯ ಹಳೆಯ ಚೌಕಟ್ಟನ್ನು ಉಳಿಸಿಕೊಂಡೇ ಅದರೊಳಗೆ ಬ್ಯಾಂಕು, ವಿಶ್ವವಿದ್ಯಾಲಯ, ಕಾರ್ಖಾನೆಗಳನ್ನು ಕೂರಿಸಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆ ಯೋಜನೆಗಳಲ್ಲಿ ಅತ್ಯಂತ ಸಾಹಸದ್ದು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಇದ್ದಿಲು ಉರಿಸಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವ ಈ ಕುಲುಮೆ 1923ರಲ್ಲಿ ಹೊತ್ತಿಕೊಂಡಿತು. ಆರಂಭದಲ್ಲೇ ನಷ್ಟಕ್ಕೆ ಸಿಲುಕಿದ ಅದನ್ನು ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ನಿಂತು ನಡೆಸಿದವರೂ ಅವರೇ. ಇದ್ದಿಲಿಗಾಗಿ ಮಲೆನಾಡಿನ ಎಷ್ಟು ಕಾಡು ಆ ಕುಲುಮೆಗೆ ಹೋಯಿತು ಎಂಬ ಪ್ರಶ್ನೆಯನ್ನು ಈ ಸೀಮೆಯವನಾಗಿ ನಾನು ಮರೆಯಲಾರೆ. ಆದರೆ ಅದೇ ಕುಲುಮೆ ನಮ್ಮ ತಂದೆಯಂಥ ಸಾವಿರಾರು ಜನರಿಗೆ ಅನ್ನವನ್ನೂ ಒಂದು ಕೌಶಲವನ್ನೂ ಕೊಟ್ಟಿತು ಎಂಬುದೂ ಅಷ್ಟೇ ಸತ್ಯ.

ಇಷ್ಟೆಲ್ಲ ಆದ ಮೇಲೆ ಯಾರಾದರೂ ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರು ಕಾರಿನ ಕಡೆ ತಿರುಗಿದರು. 1935ರಲ್ಲಿ, ಎಪ್ಪತ್ತನ್ನು ದಾಟಿದ್ದ ವಿಶ್ವೇಶ್ವರಯ್ಯ ಯುರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಂಡು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ರೂಪಿಸಿದರು. ಕಾರುಗಳು ಆಗಲೂ ಇಲ್ಲಿ ಸಿದ್ಧವಾಗುತ್ತಿದ್ದವು. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಜೋಡಣೆ ಘಟಕ ತೆರೆದಿತ್ತು. ಆದರೆ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳಿಗೆ ಬೋಲ್ಟು ಬಿಗಿಯುವುದು ಅವರ ದೃಷ್ಟಿಯಲ್ಲಿ ತಯಾರಿಕೆ ಆಗಿರಲಿಲ್ಲ. ಎಂಜಿನ್ ಇಲ್ಲೇ ಎರಕವಾಗಬೇಕು, ಗೇರು ಇಲ್ಲೇ ಕಡೆಯಬೇಕು, ಅದನ್ನು ಮಾಡುವ ಕೈಗಳು ಇಲ್ಲೇ ಪಳಗಬೇಕು ಎಂಬುದು ಅವರ ಯೋಜನೆಯ ತಿರುಳು.

ಯೋಜನೆ ಎರಡು ಬಾರಿ ಕೈಗೂಡುವ ಹಂತಕ್ಕೆ ಬಂದು ತಪ್ಪಿಹೋಯಿತು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಒಪ್ಪಿತ್ತು. 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ನೀಡಿತು. ಬಳಿಕ ಉದ್ಯಮಿ ವಾಲಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗ ಪಡೆದರು, ಮೈಸೂರು ಸಂಸ್ಥಾನ ನೆರವಿಗೆ ಮುಂದಾಯಿತು; ಬ್ರಿಟಿಷ್ ಆಡಳಿತದ ಭಾರತ ಸರ್ಕಾರ ಅಡ್ಡ ಬಂದಿತು. ವಿಚಿತ್ರವೆಂದರೆ, ಅದೇ ವಾಲಚಂದ್ ಅದೇ ಮೈಸೂರಿನ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಯುದ್ಧಕ್ಕೆ ವಿಮಾನ ಬೇಕಾಗಿತ್ತು, ಭಾರತೀಯರ ಕಾರು ಯಾರಿಗೂ ಬೇಕಾಗಿರಲಿಲ್ಲ. ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಬೆಂಗಳೂರಿನ ಕಾರು ಕಾಗದದ ಮೇಲೆಯೇ ಉಳಿಯಿತು.

ವಿಶ್ವೇಶ್ವರಯ್ಯ ಕೈಚೆಲ್ಲಿ ಕೂರಲಿಲ್ಲ. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸುವಂತೆ ಅವರು ಕೇಳಿಕೊಂಡರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರು ಇರಲಿ ಎಂದರು. ನಮ್ಮ ಅಣ್ಣನ ಮಗ ಓದಿದ ಪಾಲಿಟೆಕ್ನಿಕ್ ಅದೇ. ಕಾರು ಬರಲಿಲ್ಲ, ಕಾರು ಬಿಚ್ಚಿ ಜೋಡಿಸಬಲ್ಲ ಕೈಗಳು ಬಂದವು. 1955ರಲ್ಲಿ ಭಾರತರತ್ನ ಪಡೆದು, ನೂರು ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಅವರು ಹೋದ ಮೇಲೆ ನಮ್ಮ ಕಾರುಗಳ ಕಥೆ ಏನಾಯಿತೆಂಬುದನ್ನು ಮಧ್ಯವಯಸ್ಸು ದಾಟಿದ ಓದುಗರೆಲ್ಲ ಬಲ್ಲರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ತಯಾರಾಯಿತು. 1980ರ ದಶಕದಲ್ಲಿ ಹೊಸತನದ ಹಂಬಲ ಹುಟ್ಟಿದಾಗ ನಾವು ಮಾಡಿದ್ದು ಇಂದು ಅಮೆರಿಕದವರು ಹವ್ಯಾಸಕ್ಕಾಗಿ ಮಾಡುತ್ತಿರುವುದನ್ನೇ. ಫಿಯೆಟ್ 124ರ ಹಳೆಯ ಒಡಲಿಗೆ ಜಪಾನಿನ ನಿಸ್ಸಾನ್ ಎಂಜಿನ್ ಸೇರಿ ಪ್ರೀಮಿಯರ್ 118 ಎನ್‌ಇ ಆಯಿತು. ಇಂಗ್ಲೆಂಡಿನಲ್ಲಿ ನಿಂತುಹೋಗಿದ್ದ ವಾಕ್ಸ್‌ಹಾಲ್ ಒಡಲು ಇಲ್ಲಿ 1984ರಲ್ಲಿ ಕಾಂಟೆಸ್ಸಾ ಆಗಿ ಬಂತು. ಅದರೊಳಗೆ ಮೊದಲು ಇದ್ದುದು ಅಂಬಾಸಿಡರ್‌ನಲ್ಲಿದ್ದ 1489 ಸಿಸಿಯ, ಸುಮಾರು ಐವತ್ತು ಅಶ್ವಶಕ್ತಿಯ ಎಂಜಿನ್. ಅಗಲವಾದ ಮೈ, ಚಿಕ್ಕ ಹೃದಯ. ಕೆಲವು ವರ್ಷಗಳ ನಂತರ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಬಂದ ಮೇಲಷ್ಟೇ ಆ ಕಾರು ತನ್ನ ರೂಪಕ್ಕೆ ತಕ್ಕಂತೆ ಓಡಿತು. ಒಡಲು ಇಂಗ್ಲೆಂಡಿನದು, ಹೃದಯ ಜಪಾನಿನದು, ನಮ್ಮದು ಜೋಡಣೆ. ಸುಮಾರು ಐವತ್ತು ವರ್ಷಗಳ ಹಿಂದೆಯೇ ವಿಶ್ವೇಶ್ವರಯ್ಯ ತಪ್ಪಿಸಬೇಕೆಂದಿದ್ದ ಸ್ಥಿತಿ ಇದೇ ಆಗಿತ್ತು.

ಎರವಲು ತರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅವರ ಕುಲುಮೆಯ ತಾಂತ್ರಿಕ ಜ್ಞಾನವೂ ಹೊರಗಿನಿಂದ ಬಂದದ್ದೇ. ಎರವಲಿನ ಜತೆಗೆ ಕಲಿಕೆಯೂ ಬರುತ್ತದೆಯೇ, ತಳಪಾಯವನ್ನು ಮುಂದಿನ ಎತ್ತರಕ್ಕೆ ಹಾಕಿದ್ದೇವೆಯೇ ಎಂಬುದಷ್ಟೇ ಪ್ರಶ್ನೆ. ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿದಾಗ, ಒಡಲು ಉಳಿಸಿಕೊಂಡು ಕಾಲಕ್ಕೆ ತಕ್ಕ ಎಂಜಿನ್ ಕೂರಿಸುವುದನ್ನು ನಾವೇ ಎಷ್ಟು ವರ್ಷ ಮುಂದೂಡಿದೆವು ಎಂದು ನೆನೆದು ನನಗೆ ನೋವಾಗಿತ್ತು. ತಂದೆಯವರು ಆ ಸುದ್ದಿ ಕೇಳಲು ಇರಲಿಲ್ಲ.

ಈಗ ಅವರ ಕಾರಿನ ವಿಷಯ. ಜೀಪಿನಂಥ ವಾಹನಕ್ಕೆ ಪ್ರತ್ಯೇಕ ಚಾಸಿ ಇರುತ್ತದೆ. ಬಾಡಿಯನ್ನು ಎತ್ತಿ ಬೇರೆಯದರ ಮೇಲೆ ಇಡಬಹುದು. ಕಾಂಟೆಸ್ಸಾ ಹಾಗಲ್ಲ. ಅದರ ತಗಡಿನ ಕವಚವೇ ಚಾಸಿ. ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದರೆ ಅದರ ತಿರುಚುವಿಕೆ ನೇರವಾಗಿ ಆ ಕವಚದ ಮೇಲೆ ಬೀಳುತ್ತದೆ. ಬ್ರೇಕು, ಸಸ್ಪೆನ್ಷನ್, ರೇಡಿಯೇಟರ್ ಎಲ್ಲವೂ ಜತೆಗೇ ಬದಲಾಗಬೇಕು. ಕಾನೂನಿನ ಮಿತಿಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಎತ್ತಿಹಿಡಿದಿದೆ. 2021ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿ ವಿಂಟೇಜ್ ಮಾನ್ಯತೆ ಪಡೆಯಬೇಕಾದರೂ ಎಂಜಿನ್, ಚಾಸಿ, ಒಡಲು ಮೂಲ ರೂಪದಲ್ಲೇ ಇರಬೇಕು. ಹೊಸ ಹೃದಯ ಹಾಕಿದ ಕಾರು ರಸ್ತೆಯ ಹಕ್ಕನ್ನೂ ಪರಂಪರೆಯ ಮನ್ನಣೆಯನ್ನೂ ಒಟ್ಟಿಗೇ ಕಳೆದುಕೊಳ್ಳುವ ಸಾಧ್ಯತೆಯಿದೆ.

ಬಂದಳಿಕೆಯಿಂದ ಮರಳಿದ ಸಂಜೆ ಅಣ್ಣನ ಮಗನಿಗೆ ನಾನು ಬೇಡವೆನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಮೊದಲು ಕಾರಿನ ನೆಲವನ್ನು ಬಿಚ್ಚಿ, ತುಕ್ಕು ಎಲ್ಲೆಲ್ಲಿ ಹಿಡಿದಿದೆ, ತಗಡು ಎಷ್ಟು ಭಾರ ಹೊರಬಲ್ಲುದು ಎಂದು ಅಳೆದು ಬರೆದುಕೊಡಲು ಹೇಳಿದೆ. ಆ ಕಾರಿನ ಕಂಪನಿಯೇ ಮುಂದೆ ಕಾಂಟೆಸ್ಸಾಗೆ ಕೂರಿಸಿದ ಎಂಜಿನ್ ಸಿಕ್ಕರೆ, ಸಾರಿಗೆ ಕಚೇರಿಯಲ್ಲಿ ಲಿಖಿತ ಅನುಮತಿ ಕೇಳೋಣ. ಕೊಡದಿದ್ದರೆ ಹಳೆಯ ಎಂಜಿನ್ನನ್ನೇ ಬಿಚ್ಚಿ ಸರಿಪಡಿಸೋಣ ಎಂದೆ. ಅವನ ಮುಖ ಸ್ವಲ್ಪ ಬಾಡಿತು. ಆದರೂ ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ನಾನು ಹೊರಗೆ ಬಂದಾಗ ಅವನು ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿದ್ದ. ಪಕ್ಕದಲ್ಲಿ ನೋಟ್‌ಬುಕ್ ತೆರೆದಿತ್ತು. ಅದರ ಮೊದಲ ಪುಟದಲ್ಲಿ ಅಳತೆಗಳು ಆಗಲೇ ಬೀಳತೊಡಗಿದ್ದವು.